ದವಡೆಯ ಸಾಕ್ಷ್ಯ

ಕುಂದಾಪುರದ ಪಡುವಣ ಅಂಚಿನಲ್ಲಿ, ಸೌಪರ್ಣಿಕಾ, ವಾರಾಹಿ, ಚಕ್ರಾ ಮೊದಲಾದ ಐದು ನದಿಗಳು ಪಂಚಗಂಗಾವಳಿಯಾಗಿ ಕಡಲನ್ನು ಸೇರುವ ಅಳಿವೆಯ ದಕ್ಷಿಣಕ್ಕೆ ಕೋಡಿ ಎಂಬ ಊರಿದೆ. ಅಳಿವೆಯ ಆಚೆಯ ದಡ ಗಂಗೊಳ್ಳಿ. ಮರಳು, ತೆಂಗು, ಮುರಕಲ್ಲಿನ ಪಾಗಾರ ಇವು ಆ ಊರಿನ ಲಕ್ಷಣಗಳು. ಅಲ್ಲಿ ಮನುಷ್ಯರ ನೆರೆಹೊರೆಯಲ್ಲಿಯೇ ಒಂದು ಪ್ರಾಚೀನ ಕುಲವು ಸದ್ದಿಲ್ಲದೆ ಬಾಳುತ್ತಿದೆ. ಬೇಲಿಯ ಗೂಟದ ಮೇಲೆ ಕುಳಿತು ತಲೆಯಾಡಿಸುವ ಓತಿಕೇತ, ತರಗೆಲೆಗಳ ನಡುವೆ ಸರಕ್ಕನೆ ಹರಿದು ಮರೆಯಾಗುವ ಅರಣೆ, ದೀಪದ ಬಳಿ ಹೊಂಚುಹಾಕುವ ಹಲ್ಲಿ, ಗದ್ದೆಯ ಅಂಚಿನ ಬಿಲದಲ್ಲಿ ಅಡಗುವ ಉಡ, ಇವೆಲ್ಲವೂ ಆ ಕುಲಕ್ಕೆ ಸೇರಿದವು. ಪ್ರಾಣಿಶಾಸ್ತ್ರಜ್ಞರು ಹಲ್ಲಿಗಳನ್ನೂ ಹಾವುಗಳನ್ನೂ ಒಂದೇ ದೊಡ್ಡ ಗುಂಪಿನಲ್ಲಿ ಸೇರಿಸುತ್ತಾರೆ. ಇಂದು ಜಗತ್ತಿನಲ್ಲಿ ಜೀವಿಸಿರುವ ಈ ಗುಂಪಿನ ಪ್ರಭೇದಗಳ ಸಂಖ್ಯೆ ಹನ್ನೊಂದು ಸಾವಿರವನ್ನು ಮೀರುತ್ತದೆ.

ಇಷ್ಟು ದೊಡ್ಡ ವಂಶದ ಮೂಲ ಪುರುಷರು ಯಾರು? ಅವರು ಎಂದು, ಎಲ್ಲಿ ಬದುಕಿದ್ದರು? ಇದಕ್ಕೆ ಉತ್ತರ ಹೇಳಬಲ್ಲವು ಪಳೆಯುಳಿಕೆಗಳು ಮಾತ್ರ. ಆದರೆ ಪಳೆಯುಳಿಕೆಯು ತಾನಾಗಿ ಮಾತನಾಡುವುದಿಲ್ಲ. ನ್ಯಾಯಾಲಯದಲ್ಲಿ ನಿಂತ ಸಾಕ್ಷಿಯಂತೆ ಅದನ್ನೂ ಪ್ರಶ್ನಿಸಬೇಕು, ಪಾಟೀಸವಾಲಿಗೆ ಒಳಪಡಿಸಬೇಕು. ನಮ್ಮ ದೇಶದ ನೆಲದಲ್ಲಿ ಸಿಕ್ಕ ಒಂದು ಪುಟ್ಟ ದವಡೆಯ ವೃತ್ತಾಂತವು ಇದಕ್ಕೆ ಒಳ್ಳೆಯ ನಿದರ್ಶನ.

ಕೋಡಿಯ ನೆಲವನ್ನೇ ಅಗೆದರೆ ಅಂತಹ ಪಳೆಯುಳಿಕೆ ದೊರೆಯದೇ ಎಂದು ಯಾರಾದರೂ ಕೇಳಬಹುದು. ದೊರೆಯುವ ಆಸೆಯಿಲ್ಲ. ಕರಾವಳಿಯ ತಳದಲ್ಲಿರುವ ಗ್ನೈಸ್ ಮೊದಲಾದ ಶಿಲೆಗಳು ೨೫೦ ಕೋಟಿ ವರ್ಷಗಳಿಗಿಂತಲೂ ಹಳೆಯವು. ಬೆನ್ನೆಲುಬುಳ್ಳ ಪ್ರಾಣಿಗಳು ಕಾಲೂರಿ ನೆಲಕ್ಕೆ ಬಂದುದಾದರೋ ೪೦ ಕೋಟಿ ವರ್ಷಗಳಿಗಿಂತ ಈಚೆಗೆ. ಹುಟ್ಟದೆ ಇದ್ದವರ ಎಲುಬು ಅಷ್ಟು ಹಳೆಯ ಕಲ್ಲಿನಲ್ಲಿ ಇರುವುದೆಂತು? ಮೇಲಿನ ಮುರಕಲ್ಲು ಈಚಿನದು ನಿಜ. ಆದರೆ ಅದು ಹುಟ್ಟಿದ ರೀತಿಯೇ ಎಲುಬಿಗೆ ಶತ್ರು. ಬಿಸಿಲು ಮಳೆಗಳ ಹೊಡೆತಕ್ಕೆ ತಳದ ಶಿಲೆ ಕೊಳೆತು, ಅದರಲ್ಲಿನ ಕರಗುವ ಅಂಶಗಳೆಲ್ಲ ನೀರಿನೊಡನೆ ಇಳಿದುಹೋಗಿ, ಕಬ್ಬಿಣ ಮತ್ತು ಅಲ್ಯುಮಿನಿಯಂಗಳ ಆಕ್ಸೈಡುಗಳು ಉಳಿದು ಗಟ್ಟಿಯಾದುದೇ ಮುರಕಲ್ಲು. ಕರಾವಳಿಯ ಹುಳಿಗುಣದ ಕೆಂಪು ಮಣ್ಣಿನಲ್ಲಿ ಎಲುಬಿನ ಸುಣ್ಣವೂ ಹಾಗೆಯೇ ಕರಗಿಹೋಗುತ್ತದೆ. ಕಡಲದಂಡೆಯ ಮರಳಂತೂ ತೀರ ಹೊಸದು.

ಎಲುಬು ಕಲ್ಲಾಗಿ ಉಳಿಯಬೇಕಾದರೆ ಹಲವು ಅನುಕೂಲಗಳು ಕೂಡಿಬರಬೇಕು. ಸತ್ತ ಪ್ರಾಣಿಯ ದೇಹವನ್ನು ನರಿ ನಾಯಿಗಳು ಎಳೆದಾಡುವ ಮೊದಲೇ ಹೊಳೆಯ ಹೂಳು ಅಥವಾ ಕೆರೆಯ ಕೆಸರು ಅದನ್ನು ಮುಚ್ಚಬೇಕು. ಅದರ ಮೇಲೆ ಪದರ ಪದರವಾಗಿ ಮಣ್ಣು ಬೀಳಬೇಕು. ನೆಲದೊಳಗಿನ ನೀರಿನಲ್ಲಿ ಕರಗಿರುವ ಖನಿಜಗಳು ಎಲುಬಿನ ರಂಧ್ರಗಳನ್ನು ಹೊಕ್ಕು ತುಂಬಬೇಕು. ಆನೆಯಂತಹ ಪ್ರಾಣಿಯ ತೊಡೆಯ ಮೂಳೆಗೆ ಇದು ಸಾಧ್ಯವಾದೀತು. ಕಡ್ಡಿಯಷ್ಟು ಸಣ್ಣ ಎಲುಬಿನ ಹಲ್ಲಿಗೆ ಇಂತಹ ಭಾಗ್ಯ ಅಪರೂಪ. ಆದುದರಿಂದಲೇ ಪ್ರಾಚೀನ ಹಲ್ಲಿಗಳ ಪೂರ್ಣ ಅಸ್ಥಿಪಂಜರ ಸಿಗುವುದು ವಿರಳ. ಬಹುಮಟ್ಟಿಗೆ ಕೈಗೆ ಬರುವುದು ದವಡೆಯ ತುಣುಕು, ಅದಕ್ಕೆ ಅಂಟಿದ ನಾಲ್ಕಾರು ಹಲ್ಲು. ದೇಹದಲ್ಲಿ ಅತ್ಯಂತ ಗಟ್ಟಿಯಾದ ಭಾಗ ಹಲ್ಲೇ ಅಲ್ಲವೇ!

ಒಂದು ತುಣುಕಿನಿಂದ ಇಡೀ ಪ್ರಾಣಿಯನ್ನು ಗುರುತಿಸುವುದು ಹೇಗೆ? ಬದುಕಿರುವ ಪ್ರಾಣಿಗಳೊಡನೆ ಹೋಲಿಸಿ ನೋಡುವುದೇ ಅದರ ಮಾರ್ಗ. ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಹಾಲೆಂಡಿನ ಮಾಸ್‌ಟ್ರಿಕ್ಟ್ ಪಟ್ಟಣದ ಸುಣ್ಣಗಲ್ಲಿನ ಗಣಿಯಲ್ಲಿ ಭಾರಿ ದವಡೆಗಳುಳ್ಳ ಒಂದು ತಲೆಬುರುಡೆ ದೊರೆಯಿತು. ಕೆಲವರು ಅದನ್ನು ಮೊಸಳೆಯೆಂದರು. ಪೀಟ್ರಸ್ ಕ್ಯಾಂಪರ್ ಎಂಬ ಅಂಗರಚನಾ ಶಾಸ್ತ್ರಜ್ಞನು ತಿಮಿಂಗಿಲವೆಂದನು. ಅವನ ಮಗನಾದ ಏಡ್ರಿಯನ್ ಕ್ಯಾಂಪರನು ತಂದೆಯ ಮಾತನ್ನೇ ಪ್ರಮಾಣವೆಂದು ಹಿಡಿಯದೆ, ಮೂಳೆಗಳನ್ನು ಉಡದ ಮೂಳೆಗಳೊಡನೆ ಹೋಲಿಸಿದನು. ಇದು ಉಡದ ಹತ್ತಿರದ ಬಂಧುವೆಂದು ೧೭೯೯ರಲ್ಲಿ ಸಾರಿದನು. ಫ್ರಾನ್ಸಿನ ಪ್ರಸಿದ್ಧ ವಿಜ್ಞಾನಿ ಕುವಿಯೇ ೧೮೦೮ರಲ್ಲಿ ಆ ಮಾತನ್ನು ಒಪ್ಪಿದನು. ಕಡಲಲ್ಲಿ ಬಾಳಿ ಅಳಿದ ಆ ದೈತ್ಯ ಹಲ್ಲಿಗೆ ಮುಂದೆ ೧೮೨೨ರಲ್ಲಿ ಮೋಸಾಸಾರಸ್ ಎಂಬ ಹೆಸರಾಯಿತು. ಸತ್ತ ಪ್ರಾಣಿಯ ಗುರುತನ್ನು ಬದುಕಿರುವ ಅದರ ನೆಂಟನು ಹೇಳಿದನು. ಈ ಸೂತ್ರವನ್ನು ನಾವು ಮನಸ್ಸಿನಲ್ಲಿಡಬೇಕು.

ಇನ್ನು ನಮ್ಮ ದೇಶಕ್ಕೆ ಬರೋಣ. ಪ್ರಾಣಹಿತಾ ಮತ್ತು ಗೋದಾವರಿ ನದಿಗಳ ಕಣಿವೆಯಲ್ಲಿ, ಈಗಿನ ತೆಲಂಗಾಣ ಮತ್ತು ಮಹಾರಾಷ್ಟ್ರಗಳ ಗಡಿಯ ಎಡೆಯಲ್ಲಿ, ಕೋಟಾ ಸ್ತರಗಳೆಂದು ಕರೆಯಲಾಗುವ ಸುಣ್ಣಗಲ್ಲು, ಮರಳುಗಲ್ಲು, ಜೇಡಿಗಲ್ಲುಗಳ ಪದರಗಳಿವೆ. ಅವು ಜುರಾಸಿಕ್ ಯುಗದ ಮೊದಲ ಅಥವಾ ನಡುವಿನ ಭಾಗದವು, ಎಂದರೆ ಸುಮಾರು ಹದಿನೇಳರಿಂದ ಹತ್ತೊಂಬತ್ತು ಕೋಟಿ ವರ್ಷಗಳಷ್ಟು ಹಳೆಯವು. ರವೀಂದ್ರನಾಥ ಠಾಕೂರರ ಹೆಸರನ್ನು ಹೊತ್ತ ಬರಾಪಾಸಾರಸ್ ಟಾಗೋರೈ ಎಂಬ ಮಹಾಕಾಯದ ಡೈನೋಸಾರ್ ದೊರೆತುದೂ ಈ ಸ್ತರಗಳಲ್ಲಿಯೇ. ಡೈನೋಸಾರ್ ಎಂಬ ಪದಕ್ಕೆ ‘ಭಯಂಕರ ಹಲ್ಲಿ’ ಎಂಬರ್ಥವಿದ್ದರೂ ಅವು ಹಲ್ಲಿಗಳಲ್ಲ, ಬೇರೊಂದು ಶಾಖೆಯ ಸರೀಸೃಪಗಳು. ನಿಜವಾದ ಹಲ್ಲಿಗಳು ಆ ದೈತ್ಯರ ಕಾಲ ಬುಡದಲ್ಲಿ ಹುಳುಹುಪ್ಪಟೆಗಳನ್ನು ಹಿಡಿದು ತಿನ್ನುತ್ತಿದ್ದ ಅಲ್ಪಜೀವಿಗಳು.

ಆ ಅಲ್ಪಜೀವಿಗಳ ಅವಶೇಷಗಳನ್ನು ಹುಡುಕುವ ಕೆಲಸಕ್ಕೆ ಗುದ್ದಲಿ ಹಾರೆಗಳು ಸಾಲವು. ಪದರದ ಮಣ್ಣನ್ನು ಚೀಲಗಳಲ್ಲಿ ತುಂಬಿ ತಂದು ನೀರಿನಲ್ಲಿ ನೆನೆಹಾಕುತ್ತಾರೆ. ಸುಣ್ಣಗಲ್ಲಾದರೆ ತೆಳುವಾದ ಆಮ್ಲದಲ್ಲಿ ಕರಗಿಸುತ್ತಾರೆ. ಬಳಿಕ ನಯವಾದ ಜರಡಿಗಳಲ್ಲಿ ತೊಳೆದು, ಉಳಿದ ಕಣಗಳನ್ನು ಒಣಗಿಸಿ, ಸೂಕ್ಷ್ಮದರ್ಶಕದ ಕೆಳಗೆ ಒಂದೊಂದಾಗಿ ಆರಿಸುತ್ತಾರೆ. ಅಕ್ಕಿಯಲ್ಲಿನ ಕಲ್ಲು ಆರಿಸುವ ಗೃಹಿಣಿಯ ತಾಳ್ಮೆಯನ್ನು ನೂರುಮಡಿ ಮಾಡಿದರೆ ಈ ಕೆಲಸಕ್ಕೆ ಬೇಕಾದ ತಾಳ್ಮೆಯಾಗುತ್ತದೆ. ಆಗಿನ ಆದಿಲಾಬಾದ್ ಜಿಲ್ಲೆಯ ರೆಬ್ಬನದ ಸಮೀಪದ ಪೈಕಸಿಗುಡೆಂ ಎಂಬ ಹಳ್ಳಿಯ ಬಳಿಯ ಪದರಗಳಿಂದ ಹೀಗೆ ಆರಿಸಿದ ಪುಟ್ಟ ದವಡೆಯ ತುಣುಕುಗಳನ್ನು ಸೂಸನ್ ಇವಾನ್ಸ್, ಜಿ. ವಿ. ಆರ್. ಪ್ರಸಾದ್ ಮತ್ತು ಬಿ. ಕೆ. ಮನ್ಹಾಸ್ ಎಂಬ ಮೂವರು ವಿದ್ವಾಂಸರು ಅಭ್ಯಸಿಸಿ, ೨೦೦೨ರಲ್ಲಿ ಒಂದು ಅಳಿದ ಹಲ್ಲಿಯನ್ನು ಜಗತ್ತಿಗೆ ಪರಿಚಯಿಸಿದರು. ಅದರ ಹೆಸರು ಭಾರತಗಾಮ ರೆಬ್ಬನೆನ್ಸಿಸ್. ಅಗಾಮ ಎಂಬುದು ಓತಿಕೇತದ ಮನೆತನಕ್ಕೆ ಪ್ರಾಣಿಶಾಸ್ತ್ರಜ್ಞರು ಬಳಸುವ ಹೆಸರಿನ ಮೂಲ. ಭಾರತದ ಅಗಾಮ, ರೆಬ್ಬನದ್ದು, ಎಂಬುದು ಈ ಹೆಸರಿನ ತಾತ್ಪರ್ಯ.

ಭಾರತಗಾಮವು ಬದುಕಿದ್ದ ಕಾಲದ ಭೂಪಟವನ್ನು ಇಂದಿನ ಕೋಡಿಯ ಜನರು ಕಂಡರೆ ಬೆರಗಾಗುವರು. ಆಗ ಅಲ್ಲಿ ಕಡಲೇ ಇರಲಿಲ್ಲ. ಭಾರತವು ಆಫ್ರಿಕ, ಅಂಟಾರ್ಕ್ಟಿಕ, ಆಸ್ಟ್ರೇಲಿಯಗಳೊಡನೆ ಗೊಂಡ್ವಾನವೆಂಬ ಮಹಾಭೂಖಂಡದ ಅಂಗವಾಗಿದ್ದಿತು. ಪಶ್ಚಿಮದ ಅಂಚಿಗೆ ಮಡಗಾಸ್ಕರ್ ತಾಗಿಕೊಂಡಿದ್ದಿತು. ಮಡಗಾಸ್ಕರ್ ಬೇರೆಯಾದ ಕಾಲದಲ್ಲಿ ಉಕ್ಕಿದ ಲಾವಾರಸವು ಗಟ್ಟಿಯಾಗಿ ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪಗಳಲ್ಲಿ ಕಂಬದ ಆಕಾರದ ಕಲ್ಲುಗಳಾಗಿ ನಿಂತಿದೆ. ಅದರ ವಯಸ್ಸು ಸುಮಾರು ೮ ಕೋಟಿ ೮೦ ಲಕ್ಷ ವರ್ಷ. ಭಾರತಗಾಮವು ಆ ಕಂಬಗಳಿಗಿಂತ ಸುಮಾರು ಎರಡು ಪಟ್ಟು ಹಳೆಯದು.

ದವಡೆಯ ತುಣುಕಿನಿಂದ ಅದನ್ನು ಓತಿಕೇತದ ಬಂಧುವೆಂದು ಹೇಳಿದುದು ಹಲ್ಲುಗಳ ಆಧಾರದಿಂದ. ಮನೆಯ ಗೋಡೆಯ ಹಲ್ಲಿಯಲ್ಲಿಯೂ ಉಡದಲ್ಲಿಯೂ ಹಲ್ಲುಗಳು ದವಡೆಯ ಒಳಮಗ್ಗುಲಿಗೆ ಅಂಟಿಕೊಂಡಿರುತ್ತವೆ. ಬಿದ್ದರೆ ಹೊಸ ಹಲ್ಲು ಬರುತ್ತದೆ. ಓತಿಕೇತ ಮತ್ತು ಗೋಸುಂಬೆಗಳಲ್ಲಿ ಹಾಗಲ್ಲ. ಹಿಂಬದಿಯ ಹಲ್ಲುಗಳು ದವಡೆಯ ಏಣಿನ ಮೇಲೆಯೇ ಬೆಸೆದಂತೆ ಕುಳಿತಿರುತ್ತವೆ. ಅವು ಸವೆಯುತ್ತವೆಯೇ ಹೊರತು ಬಿದ್ದು ಮತ್ತೆ ಹುಟ್ಟುವುದಿಲ್ಲ. ಪ್ರಾಣಿ ಬೆಳೆದಂತೆ ಹೊಸ ಹಲ್ಲುಗಳು ಸಾಲಿನ ಹಿಂದಣ ತುದಿಗೆ ಸೇರುತ್ತ ಹೋಗುತ್ತವೆ. ಭಾರತಗಾಮದ ಹಲ್ಲುಗಳು ಈ ರೀತಿಯವು. ಆದರೆ ಇಂತಹ ಹಲ್ಲು ಇನ್ನೊಂದು ಕುಲಕ್ಕೂ ಉಂಟು. ನ್ಯೂಜಿಲೆಂಡಿನಲ್ಲಿ ಇಂದು ಏಕಾಕಿಯಾಗಿ ಉಳಿದಿರುವ, ಹಲ್ಲಿಯಂತೆ ಕಂಡರೂ ಹಲ್ಲಿಯಲ್ಲದ ಟುವಾಟರದ ಕುಲ ಅದು. ಆ ಕುಲದವರ ದವಡೆಗಳೂ ಕೋಟಾ ಸ್ತರಗಳಲ್ಲಿ ಸಿಕ್ಕಿವೆ. ಆದಕಾರಣ ಭಾರತಗಾಮದ ಕುಲನಿರ್ಣಯವನ್ನು ಕುರಿತು ಮುಂದೆ ಕೆಲವು ವಿದ್ವಾಂಸರು ಸಂಶಯವನ್ನೂ ಸೂಚಿಸಿದ್ದಾರೆ.

ಈ ನಡುವೆ ಮಧ್ಯಪ್ರದೇಶದ ಶಹಡೋಲ್ ಜಿಲ್ಲೆಯಿಂದ ಇನ್ನೂ ಅಚ್ಚರಿಯ ಸುದ್ದಿ ಬಂದಿತು. ಅಲ್ಲಿನ ಟಿಕಿ ಎಂಬ ಹಳ್ಳಿಯ ಹೆಸರಿನಿಂದ ಕರೆಯಲಾಗುವ ಟಿಕಿ ಸ್ತರಗಳು ಜುರಾಸಿಕ್ ಯುಗಕ್ಕೂ ಹಿಂದಿನ ಟ್ರಯಾಸಿಕ್ ಯುಗದವು. ಅವುಗಳ ವಯಸ್ಸು ಇಪ್ಪತ್ತೊಂದು ಕೋಟಿ ವರ್ಷಗಳನ್ನು ಮೀರುತ್ತದೆ. ಅಲ್ಲಿ ದೊರೆತ ಒಂದು ಪುಟ್ಟ ಕೆಳದವಡೆಯನ್ನು ಪಿ. ಎಂ. ದತ್ತ ಮತ್ತು ಸಂಘಮಿತ್ರಾ ರಾಯ್ ಎಂಬ ವಿಜ್ಞಾನಿಗಳು ೨೦೦೬ರಲ್ಲಿ ವರ್ಣಿಸಿ, ಟಿಕಿಗ್ವಾನಿಯ ಎಸ್ಟೆಸೈ ಎಂದು ಹೆಸರಿಟ್ಟರು. ಅವರ ನಿರ್ಣಯದಂತೆ ಅದು ಜಗತ್ತಿನಲ್ಲಿ ಅದುವರೆಗೆ ಕಂಡ ಹಲ್ಲಿಗಳಲ್ಲೆಲ್ಲ ಪ್ರಾಚೀನತಮವಾದುದು.

ಇದು ಸಣ್ಣ ಮಾತಲ್ಲ. ಹಲ್ಲಿಗಳು ಟ್ರಯಾಸಿಕ್ ಯುಗದಲ್ಲಿಯೇ ಇದ್ದುವೆಂಬುದಕ್ಕೆ ಆ ದವಡೆಯೊಂದೇ ಪ್ರತ್ಯಕ್ಷ ಪ್ರಮಾಣವಾಗಿದ್ದಿತು. ಹಲ್ಲಿಗಳ ಮೂಲಸ್ಥಾನ ದಕ್ಷಿಣದ ಗೊಂಡ್ವಾನವೇ ಇರಬಹುದೆಂಬ ಊಹೆಗೆ ಅದು ಬಲವನ್ನಿತ್ತಿತು. ಅಷ್ಟೇ ಅಲ್ಲ. ಜೀವಿಗಳ ಆನುವಂಶಿಕ ದ್ರವ್ಯದಲ್ಲಿನ ವ್ಯತ್ಯಾಸಗಳನ್ನು ಎಣಿಸಿ, ಎರಡು ಶಾಖೆಗಳು ಎಂದು ಕವಲೊಡೆದವೆಂದು ಲೆಕ್ಕಹಾಕುವ ಒಂದು ಪದ್ಧತಿಯಿದೆ. ಅದನ್ನು ಒಂದು ಗಡಿಯಾರಕ್ಕೆ ಹೋಲಿಸುವುದುಂಟು. ಗಡಿಯಾರದ ಮುಳ್ಳನ್ನು ಮೊದಲು ಸರಿಯಾದ ವೇಳೆಗೆ ತಿರುಗಿಸಿಡಬೇಕಷ್ಟೆ. ಆ ವೇಳೆಯನ್ನು ಹೇಳುವುದು ಪಳೆಯುಳಿಕೆ. ಹಲವು ಸಂಶೋಧಕರು ತಮ್ಮ ಗಡಿಯಾರವನ್ನು ಟಿಕಿಯ ದವಡೆಗೆ ಹೊಂದಿಸಿಕೊಂಡರು. ಅದು ತಪ್ಪಾದರೆ ಆ ಲೆಕ್ಕಗಳೆಲ್ಲವೂ ತಪ್ಪಾಗುವಂತಿದ್ದವು.

೨೦೧೨ರಲ್ಲಿ ಆಸ್ಟ್ರೇಲಿಯದ ಮಾರ್ಕ್ ಹಚಿನ್‌ಸನ್, ಆಡಂ ಸ್ಕಿನ್ನರ್ ಮತ್ತು ಮೈಕೇಲ್ ಲೀ ಎಂಬವರು ಈ ಸಾಕ್ಷಿಯನ್ನು ಪಾಟೀಸವಾಲಿಗೆ ಒಳಪಡಿಸಿದರು. ಅವರ ಪ್ರಶ್ನೆ ಸರಳವಾದುದು: ಈ ದವಡೆ ಬದುಕಿರುವ ಯಾವ ಪ್ರಾಣಿಯ ದವಡೆಯನ್ನು ಹೋಲುತ್ತದೆ? ಉತ್ತರ ವಿಸ್ಮಯಕರವಾಗಿದ್ದಿತು. ಅದು ಇಂದಿನ ಓತಿಕೇತಗಳ ದವಡೆಯಿಂದ ಬಹುಮಟ್ಟಿಗೆ ಪ್ರತ್ಯೇಕಿಸಿ ಹೇಳಲಾರದಷ್ಟು ಒಂದೇ ಬಗೆಯದಾಗಿದ್ದಿತು. ಅದರಲ್ಲಿಯೂ ಏಷ್ಯದಲ್ಲಿ ವಿಪುಲವಾಗಿರುವ ಒಂದು ಉಪಕುಲದ ಬಳಿಗೆ ಅದು ಸೇರುತ್ತಿತ್ತು. ನಮ್ಮ ಬೇಲಿಯ ಓತಿಕೇತವೂ, ಘಟ್ಟದ ಕಾಡುಗಳಲ್ಲಿ ಪಕ್ಕೆಯ ಪಟಲವನ್ನು ಹರಡಿ ಮರದಿಂದ ಮರಕ್ಕೆ ತೇಲುವ ಹಾರುವ ಓತಿಯೂ ಆ ಉಪಕುಲದವೇ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿಯನ್ನು ಓದಿದವರಿಗೆ ಆ ಹಾರುವ ಓತಿ ಅಪರಿಚಿತವಲ್ಲ.

ಹಾಗಾದರೆ ಎರಡೇ ಸಾಧ್ಯತೆಗಳು ಉಳಿದವು. ಓತಿಕೇತದ ದವಡೆಯು ಇಪ್ಪತ್ತೊಂದು ಕೋಟಿ ವರ್ಷಗಳಿಗೂ ಮೀರಿ ಕಿಂಚಿತ್ತೂ ಬದಲಾಗದೆ ಉಳಿದಿರಬೇಕು, ಇಲ್ಲವೆ ಆ ದವಡೆಯೇ ಈಚಿನದಾಗಿರಬೇಕು. ಭೂಖಂಡಗಳು ಒಡೆದು ಸರಿದು, ಪರ್ವತಗಳು ಎದ್ದು, ಡೈನೋಸಾರುಗಳು ಅಳಿದ ಅಷ್ಟು ದೀರ್ಘ ಕಾಲದಲ್ಲಿ ಒಂದು ದವಡೆ ಮಾತ್ರ ಇದ್ದಂತೆಯೇ ಇದ್ದಿತೆಂದು ನಂಬುವುದು ಕಷ್ಟ. ಎರಡನೆಯದೇ ಹೆಚ್ಚು ಸಂಭವನೀಯವೆಂದು ಆ ಮೂವರು ವಾದಿಸಿದರು.

ಈಚಿನ ದವಡೆ ಹಳೆಯ ಪದರದಲ್ಲಿ ಸಿಕ್ಕಿದುದು ಹೇಗೆ? ನಮ್ಮ ಊರುಗಳಲ್ಲಿ ಬಿದ್ದುಹೋದ ಹಳೆಯ ಮನೆಯ ಗೋಡೆಯ ಮಣ್ಣನ್ನೇ ಕಲಸಿ ಹೊಸ ಗೋಡೆ ಹಾಕುವುದುಂಟು. ಮಣ್ಣು ಅಜ್ಜನ ಕಾಲದ್ದು. ಆದರೆ ಕಲಸುವಾಗ ಅದರೊಳಗೆ ಸಿಕ್ಕಿಕೊಂಡ ಮಾವಿನ ಎಲೆ ಈ ವರ್ಷದ್ದು. ಮಣ್ಣಿನ ವಯಸ್ಸನ್ನು ಎಲೆಗೆ ಹೇಳಿದರೆ ತಪ್ಪಾಗುತ್ತದೆ. ಟಿಕಿಯ ಸುತ್ತಮುತ್ತ ಟ್ರಯಾಸಿಕ್ ಪದರಗಳು ವಿಶಾಲವಾಗಿ ನೆಲದ ಮೇಲೆಯೇ ತೆರೆದುಕೊಂಡಿವೆ. ಮಳೆಗಾಲದಲ್ಲಿ ಅವು ಕರಗಿ ಹರಿದು ತಗ್ಗಿನಲ್ಲಿ ಮತ್ತೆ ನೆಲೆಗೊಳ್ಳುತ್ತವೆ. ಹಾಗೆ ಮರಳಿ ಕೂಡಿದ ಮಣ್ಣಿನಲ್ಲಿ ಬಹು ಈಚಿನ ಓತಿಯೊಂದರ ದವಡೆ ಹುದುಗಿರಬಹುದು. ಬಣ್ಣ, ಕಣ, ಕಲ್ಲು ಎಲ್ಲವೂ ಟ್ರಯಾಸಿಕ್ ಯುಗದವು. ಎಲುಬು ಮಾತ್ರ ಅನಂತರದ್ದು.

ಈ ಸಂಶಯಕ್ಕೆ ಮುಂದೆ ಇನ್ನೊಂದು ಆಧಾರವೂ ಒದಗಿತು. ಅದೇ ಟಿಕಿ ಸ್ತರಗಳಿಂದ ೨೦೦೫ರಲ್ಲಿ ಟಿಕಿಥೀರಿಯಂ ಎಂಬ ಹೆಸರಿನಲ್ಲಿ ಒಂದು ಒಂಟಿ ಹಲ್ಲು ವರ್ಣಿತವಾಗಿದ್ದಿತು. ಅದು ಸ್ತನಿಗಳ ಪೂರ್ವಜರ ಕಡೆಯದೆಂದು ಎಣಿಸಲಾಗಿದ್ದಿತು. ಅದು ಬಹು ಈಚಿನ ಕಾಲದ ಸೊಂಡಿಲಿಯ ಹಲ್ಲೆಂದು ರಷ್ಯದ ಸಂಶೋಧಕರು ೨೦೨೪ರಲ್ಲಿ ನಿರೂಪಿಸಿದರು.

ಜಗತ್ತಿನ ಅತಿ ಪ್ರಾಚೀನ ಹಲ್ಲಿ ನಮ್ಮದು ಎಂಬ ಹೆಮ್ಮೆ ಹೀಗೆ ಕೈಜಾರಿತು. ಇದನ್ನು ಕೇಳಿದಾಗ ಮನಸ್ಸಿಗೆ ಸ್ವಲ್ಪ ನಿರಾಶೆಯಾಗುವುದು ಸಹಜ. ಆದರೆ ವಿಚಾರಮಾಡಿ ನೋಡಿದರೆ ಇದರಲ್ಲಿ ಅವಮಾನವೇನೂ ಇಲ್ಲ. ಮೊದಲು ವರ್ಣಿಸಿದವರು ತಾವು ಕಂಡುದನ್ನು ಚಿತ್ರಸಹಿತವಾಗಿ, ವಿವರವಾಗಿ ಪ್ರಕಟಿಸಿದ್ದರು. ಸಮುದ್ರದಾಚೆಯ ವಿದ್ವಾಂಸರು ಅದನ್ನು ಅಳೆದು ನೋಡಲು ಸಾಧ್ಯವಾದುದು ಅದರಿಂದಲೇ. ಮುಚ್ಚಿಟ್ಟ ಸಾಕ್ಷಿಯನ್ನು ಯಾರೂ ಪ್ರಶ್ನಿಸಲಾರರು. ತೆರೆದಿಟ್ಟ ಸಾಕ್ಷಿಯನ್ನು ಪ್ರಶ್ನಿಸಬಹುದು, ತಿದ್ದಬಹುದು. ಸ್ವದೇಶದ ಮೇಲಣ ಪ್ರೀತಿ ದೊಡ್ಡದೇ. ಆದರೆ ಎಲುಬಿಗೆ ಇಲ್ಲದ ವಯಸ್ಸನ್ನು ಆರೋಪಿಸಿ ದೇಶದ ಕೀರ್ತಿಯನ್ನು ಬೆಳೆಸಲಾಗದು.

ಒಬ್ಬ ಸಾಕ್ಷಿಯ ಮಾತು ಬಿದ್ದುಹೋದ ಮಾತ್ರಕ್ಕೆ ಮೊಕದ್ದಮೆಯೇ ಬಿದ್ದುಹೋಗುವುದಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಇಟಲಿಯ ಡೋಲೊಮೈಟ್ ಪರ್ವತಗಳಲ್ಲಿ ೧೯೯೯ರಲ್ಲಿ ದೊರೆತು, ೨೦೦೩ರಲ್ಲಿ ಹೆಸರು ಪಡೆದ ಮೆಗಾಕಿರೆಲ್ಲ ಎಂಬ ಪುಟ್ಟ ಸರೀಸೃಪವಿದೆ. ಕಲ್ಲಿನೊಳಗೆ ಹುದುಗಿರುವ ಅದರ ಮೂಳೆಗಳನ್ನು ಕ್ಷಕಿರಣಗಳಿಂದ ಪದರ ಪದರವಾಗಿ ಚಿತ್ರಿಸಿ ನೋಡಿದಾಗ, ಅದು ಹಲ್ಲಿ ಹಾವುಗಳ ವಂಶವೃಕ್ಷದ ಬುಡಕ್ಕೆ ಸೇರಿದುದೆಂದು ೨೦೧೮ರಲ್ಲಿ ತಿಳಿದುಬಂದಿತು. ಅದರ ವಯಸ್ಸು ಸುಮಾರು ೨೪ ಕೋಟಿ ವರ್ಷ. ಹಲ್ಲಿಗಳ ವಂಶ ಟ್ರಯಾಸಿಕ್ ಯುಗದಷ್ಟು ಹಳೆಯದೆಂಬ ಮಾತು ಹೀಗೆ ಬೇರೊಂದು, ಹೆಚ್ಚು ದೃಢವಾದ ಆಧಾರದ ಮೇಲೆ ಮತ್ತೆ ನಿಂತಿತು.

ಈ ವೃತ್ತಾಂತದಿಂದ ಮುಖ್ಯವಾದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಪಳೆಯುಳಿಕೆಯೆಂದರೆ ಎಲುಬು ಮಾತ್ರವಲ್ಲ, ಅದು ಸಿಕ್ಕ ಸ್ಥಳವೂ ಪಳೆಯುಳಿಕೆಯ ಅರ್ಧಭಾಗ. ಯಾವ ಪದರದಲ್ಲಿ, ಎಷ್ಟು ಆಳದಲ್ಲಿ, ಗಟ್ಟಿಯಾದ ಕಲ್ಲಿನೊಳಗೋ ಸಡಿಲವಾದ ಮೇಲ್ಮಣ್ಣಿನಲ್ಲೋ ಎಂಬುದು ತಿಳಿಯದಿದ್ದರೆ, ಅತ್ಯಂತ ಸುಂದರವಾದ ಎಲುಬೂ ಊರುಕೇರಿ ಹೇಳಲಾರದ ದಾರಿಹೋಕನಂತೆ ಆಗುತ್ತದೆ. ಬೆಟ್ಟದಲ್ಲಿಯೋ ಗಣಿಯಲ್ಲಿಯೋ ವಿಚಿತ್ರವಾದ ಕಲ್ಲೆಲುಬನ್ನು ಕಂಡವರು ಅದನ್ನು ಕಿತ್ತು ಮನೆಗೆ ತರುವುದಕ್ಕಿಂತ, ಇದ್ದಲ್ಲಿಯೇ ಬಿಟ್ಟು ಬಲ್ಲವರಿಗೆ ತಿಳಿಸುವುದು ಮೇಲು.

ಇನ್ನೊಂದು ಸಂಗತಿಯೂ ಉಂಟು. ಅಳಿದವರ ಲಿಪಿಯನ್ನು ಓದಲು ಉಳಿದವರು ಬೇಕು. ಉಡವಿಲ್ಲದಿದ್ದರೆ ಮೋಸಾಸಾರಸ್ ಇಂದಿಗೂ ತಿಮಿಂಗಿಲವೇ ಆಗಿರುತ್ತಿತ್ತೇನೋ! ಓತಿಕೇತವಿಲ್ಲದಿದ್ದರೆ ಟಿಕಿಯ ದವಡೆಯ ನಿಜಸ್ಥಿತಿ ಬಯಲಾಗುತ್ತಿರಲಿಲ್ಲ. ಮಾಂಸಕ್ಕಾಗಿ, ಚರ್ಮಕ್ಕಾಗಿ ಬೇಟೆಗೆ ಗುರಿಯಾದ ಉಡಕ್ಕೆ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಮೊದಲನೆಯ ಅನುಸೂಚಿಯಲ್ಲಿ ಸ್ಥಾನವಿತ್ತು ರಕ್ಷಣೆ ನೀಡಿದೆ. ಓತಿಕೇತಕ್ಕಾದರೋ ಬೇಲಿಯಲ್ಲಿ ಕಂಡೊಡನೆ ಕಲ್ಲೆಸೆಯುವ ಹುಡುಗರ ಕೈಯಿಂದ ಪಾರಾಗುವುದೇ ಕಷ್ಟ. ಅದು ಪೈರಿನ ಹುಳುಗಳನ್ನು ತಿಂದು ರೈತನಿಗೆ ಉಪಕರಿಸುವ ಸಾಧುಪ್ರಾಣಿ. ಕೋಟ್ಯಂತರ ವರ್ಷಗಳ ವಂಶಚರಿತ್ರೆಯನ್ನು ತನ್ನ ದವಡೆಯಲ್ಲಿ ಹೊತ್ತಿರುವ ಆ ಜೀವಿಯತ್ತ ಕಲ್ಲೆತ್ತುವ ಮುನ್ನ ಒಂದು ಕ್ಷಣ ನಿಂತು ನೋಡುವುದಾದರೆ, ಎತ್ತಿದ ಕೈ ತಾನಾಗಿಯೇ ಇಳಿಯುವುದು.